ಗೇಟು ಮುಚ್ಚಲು ಹೇಳಿದವರು

"ಗೇಟು ಮುಚ್ಚು ಅಂತ ಫೋನಲ್ಲಿ ಹೇಳಿದ್ದು ನೀವೇ ಅಲ್ವಾ ಸಾರ್?"

ಕೆಲಸ ಕಳೆದುಕೊಂಡವಳು ಕುರ್ಚಿಯ ತುದಿಯಲ್ಲಿ ಕೂತು ಕೇಳಿದಳು. ವಿಮಾನ ಕಂಪನಿಯ ಮ್ಯಾನೇಜರ್ ತಮ್ಮ ಕಚೇರಿಯ ಕಿಟಕಿಯಾಚೆ ನೋಡುತ್ತಿದ್ದರು. ಅಲ್ಲಿ ಅವರದೇ ವಿಮಾನಕ್ಕೆ ಸಾಮಾನು ತುಂಬುವುದು ಮುಗಿಯುತ್ತಾ ಬಂದಿತ್ತು.

ಅಂದು ಗಾಲಿಕುರ್ಚಿಯಲ್ಲಿದ್ದ ಮುದುಕಿ, ಅದನ್ನು ತಳ್ಳುತ್ತಿದ್ದ ಮಗಳು, ಇಬ್ಬರೂ ಕಣ್ಣೆದುರಿಗೇ ಬರುತ್ತಿದ್ದಾಗ ಇವಳು ವಿಮಾನ ಹತ್ತುವ ಗೇಟು ಮುಚ್ಚಿದ್ದಳು. ಆದೇಶ ಬಂದದ್ದು ಬಾಯಿಮಾತಿನಲ್ಲಿ. ಈ ಕಂಪನಿಯಲ್ಲಿ ಇಂಥ ಆದೇಶಗಳು ಬರುವುದೇ ಹಾಗೆ. ಮಗಳು ಅಂಗಲಾಚಿದ ವಿಡಿಯೊ ಊರೆಲ್ಲ ಹರಿದಾಡಿದ ಮೇಲೆ, ಇವಳು ಸ್ವಂತ ನಿರ್ಧಾರದಿಂದ ನಿರ್ಲಕ್ಷ್ಯ ತೋರಿದಳೆಂದು ಕೆಲಸದಿಂದ ತೆಗೆದರು. ಆ ಹಣೆಪಟ್ಟಿ ಹೊತ್ತವಳನ್ನು ಬೇರೆ ಕಂಪನಿಗಳೂ ಹತ್ತಿರ ಸೇರಿಸಲಿಲ್ಲ.

"ತೀರ್ಮಾನ ಮೇಲಿನವರದು. ನನ್ನ ಕೈಲಿ ಏನಿದೆ ಹೇಳಮ್ಮ?"

"ಮೇಲಿನವರು ಅಂದ್ರೆ ಯಾವ ಮಹಡಿ ಸಾರ್? ಲಿಫ್ಟು ಇಲ್ಲಿಗೇ ನಿಂತುಬಿಡ್ತಲ್ಲ."

ಮ್ಯಾನೇಜರ್ ಮುಂದಕ್ಕೆ ಬಾಗಿ ದನಿ ತಗ್ಗಿಸಿದರು. "ನೋಡು, ಹಟ ಬಿಡು. ಆ ಫೋನಿನ ಮಾತು ಎಲ್ಲೂ ಎತ್ತದೆ ಸುಮ್ಮನಿದ್ದರೆ, ನಿನ್ನನ್ನ ವಾಪಸ್ ತಗೊಳ್ಳೋ ದಾರಿ ನಾನೇ ಹುಡುಕ್ತೀನಿ. ಹೂಂ ಅನ್ನು ಸಾಕು."

ಹೂಂ ಎನ್ನುವುದು ಅವಳ ನಾಲಿಗೆಯ ತುದಿಗೆ ಬಂದೂಬಿಟ್ಟಿತ್ತು. ಅಷ್ಟರಲ್ಲಿ ಮೇಜಿನ ಫೋನು ಬಡಿದುಕೊಂಡಿತು. ಮ್ಯಾನೇಜರ್ ಅಭ್ಯಾಸಬಲದಿಂದ ಸ್ಪೀಕರ್ ಒತ್ತಿದರು. ಗೇಟಿನಲ್ಲಿದ್ದ ಹುಡುಗಿ. ಅವಳಿಗೆ ಕೆಲಸ ಕಲಿಸಿದ್ದು ಇವಳೇ.

"ಸಾರ್, ಗಂಡ ಹೆಂಡತಿ ಕೂಸು ಎತ್ಕೊಂಡು ಓಡಿ ಬರ್ತಿದ್ದಾರೆ. ಅವರ ಹಿಂದಿನ ವಿಮಾನ ತಡವಾಯ್ತಂತೆ. ಎಸ್ಕಲೇಟರ್ ಹತ್ರ ಕಾಣ್ತಿದ್ದಾರೆ. ಕಾಯಲಾ, ಮುಚ್ಚಲಾ?"

ಮ್ಯಾನೇಜರ್ ಗಡಿಯಾರ ನೋಡಿದರು. ಬಾಯಿ ತೆರೆದವರು ಎದುರಿಗೆ ಕೂತವಳನ್ನು ಕಂಡು ತಡೆದರು. ಈ ಸಲ ಕೇಳಿಸಿಕೊಳ್ಳಲು ಒಬ್ಬಳಿದ್ದಳು.

"ನಿನಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಮ್ಮ."

"ಅಂದ್ರೆ... ಕಾಯಬಹುದಾ ಸಾರ್?"

"ಹಾಗಂತ ನಾನು ಅಂದ್ನಾ? ವಿಮಾನ ತಡ ಆಗಬಾರದು, ಅಷ್ಟೇ."

"ಹಾಗಾದ್ರೆ ಮುಚ್ಚಲಾ ಸಾರ್?" ಹುಡುಗಿ ಮತ್ತೆ ಕೇಳಿದಳು. ಮ್ಯಾನೇಜರ್ ಮತ್ತೆ ಗಡಿಯಾರ ನೋಡಿದರು.

ಇವಳು ಎದ್ದು ಫೋನಿನ ಮೇಲೆ ಬಾಗಿದಳು. "ನಾನು ಕಣೇ."

"ಅಕ್ಕಾ? ನೀವು ಅಲ್ಲಿ..."

ಮ್ಯಾನೇಜರ್ ಬೆರಳು ಕರೆ ಕತ್ತರಿಸುವ ಗುಂಡಿಯವರೆಗೆ ಹೋಯಿತು. ಒತ್ತಲಿಲ್ಲ.

"ಮುಚ್ಚಬೇಡ, ಅವರು ಹತ್ತಲಿ. ಯಾರು ಹೇಳಿದ್ದು ಅಂತ ಕೇಳಿದರೆ ನನ್ನ ಹೆಸರು ಹೇಳು. ನನ್ನನ್ನಂತೂ ಇನ್ನೊಂದು ಸಲ ತೆಗೆಯೋಕಾಗಲ್ಲ."