ಸಂತಪುರದ ಖಾಲಿ ಟಾಕಿ

ತುಂಬಿದ ಕೊಡ ತುಳುಕೋದಿಲ್ಲ, ಖಾಲಿ ಕೊಡ ಹೆಸರು ಹಿಡಿದು ಕರೀತದ. ನಗಬ್ಯಾಡ್ರಿ, ಬೀದರದಾಗ ಖರೇನ ನಡೆದದ್ದು.

"ಮಚ್ಛೇಂದ್ರಾ, ಬಾವ್ಯಾಗೇ ನೀರಿಲ್ಲ, ಟಾಕಿ ಹ್ಯಾಂಗ ತುಂಬಸ್ತೀಯೋ?"

ಕಂಪ್ಯೂಟರಿನ ಸ್ಪೀಕರಿನಿಂದ ಬಂದದ್ದು ಜಿಜಾಬಾಯಿ ಅತ್ತಿಯ ಧ್ವನಿ. ಆಫೀಸಿಗೆ ಬುತ್ತಿ ತರುತ್ತಿದ್ದ ಅತ್ತಿ ಬರಗಾಲಕ್ಕೆ ಊರು ಬಿಟ್ಟು ಪುಣೆಗೆ ದುಡಿಯಲು ಹೋಗಿದ್ದಳು. ಎಂಜಿನಿಯರ್ ಮಚ್ಛೇಂದ್ರನ ಮೈ ತಣ್ಣಗಾಯಿತು. ಸಂತಪುರದಲ್ಲಿ ನಿಲ್ಲಬೇಕಾದ, ನಾಲ್ಕು ಕಾಲಿನ ಉಕ್ಕಿನ ನೀರಿನ ಟಾಕಿಯ ನಕ್ಷೆಗೆ ಅವನು ಸಹಿ ಹಾಕುವುದರಲ್ಲಿದ್ದ. ಅವನು ಬರೆದ ಕಂಪ್ಯೂಟರ್ ಸ್ಕ್ರಿಪ್ಟು ಟಾಕಿಯ ನೀರಿನ ಮಟ್ಟವನ್ನು ಅರ್ಧದಿಂದ ಪೂರ್ತಿವರೆಗೆ ಏರಿಸುತ್ತ, ಪ್ರತಿ ಸಲವೂ ಬಿರುಗಾಳಿಗೆ ಒಡ್ಡಿ ನೋಡಿ, ಎಲ್ಲಕ್ಕೂ 'ಪಾಸ್' ಅಂದಿತ್ತು. ನೀರೇ ಇಲ್ಲದ ಟಾಕಿಯನ್ನು ಅವನು ಪರೀಕ್ಷಿಸಿರಲೇ ಇಲ್ಲ.

ನೀರಿನ ಮಟ್ಟಕ್ಕೆ ಸೊನ್ನೆ ಕೊಟ್ಟ. ತೆರೆಯ ಮೇಲೆ ಗಾಳಿ ಬೀಸಿತು. ನೀರಿನ ಭಾರವಿಲ್ಲದ ಟಾಕಿ ಒಂದು ಕಾಲನ್ನು ನೆಲದಿಂದ ಮೆಲ್ಲಗೆ ಎತ್ತಿತು, ಅದೂ ಊರು ಬಿಟ್ಟು ಹೊರಟಂತೆ. ಮರುಗಳಿಗೆ ಉರುಳಿತು.

ಅಲಮಾರಿಯ ಹಿಂದಿನಿಂದ, ಆ ಸ್ಪೀಕರಿಗೆ ಜೋಡಿಸಿದ ಮೊಬೈಲ್ ಹಿಡಿದು ಬಂದವನು ಸಹೋದ್ಯೋಗಿ ನರಸಿಂಗ, ಯಾರ ಧ್ವನಿಯನ್ನಾದರೂ ಅನುಕರಿಸುವ ಗಿರಾಕಿ. "ಹೆದರಿದ್ಯಾ? ಅತ್ತಿ ಅಲ್ಲಪಾ, ನಾನು!" ಅಂದವನ ನಗು, ತೆರೆಯ ಮೇಲೆ ಉರುಳಿದ ಟಾಕಿ ಕಂಡದ್ದೇ ನಿಂತುಹೋಯಿತು.

ಮಚ್ಛೇಂದ್ರ ಮಾತ್ರ, ಸಹಿ ಬೀಳದೆ ಉಳಿದ ನಕ್ಷೆಯನ್ನು ಹರಿಯುತ್ತ ನಗತೊಡಗಿದ, ನರಸಿಂಗನೇ ಹೆದರಿ ಹಿಂದೆ ಸರಿಯುವಷ್ಟು ಜೋರಾಗಿ.