ಸುತ್ತೇಟು

"ಬಿತ್ತು," ಎಂದಳು ಸೊಸೆ.

"ಬಿದ್ದಿಲ್ಲ," ಎಂದರು ಮಾವ, ಹೆಲ್ಮೆಟ್ಟಿನ ಜಾಲರಿಯೊಳಗಿಂದ. "ಅದು ಗುರಾಣಿ ಅಂಚಿಗೆ ತಾಗಿದ್ದು. ನಿನ್ನ ಮಣಿಕಟ್ಟು ತಿರುಗ್ತಾನೇ ಇಲ್ಲ. ಇನ್ನೊಂದ್ಸಲ ಹೊಡಿ."

ಮಾವನ ಹಳೆಯ ಲೇತ್ ಶೆಡ್ಡಿನಲ್ಲಿ ಬೆಳಗಿನಿಂದ ಇದೇ ಪಾಠ. ಕತ್ತಿಯನ್ನು ಎದುರಾಳಿಯ ಗುರಾಣಿ ದಾಟಿ ಹೋಗಲು ಬಿಡಬೇಕು. ಅಲ್ಲಿಂದ ಅಂಗೈ ಮೇಲಾಗುವಂತೆ ಮಣಿಕಟ್ಟು ಹೊರಳಿಸಿ, ಕತ್ತಿಯನ್ನು ವಾಪಸು ಎಳೆದು, ಅವನ ತೊಡೆಯ ಹಿಂಭಾಗಕ್ಕೆ ಬಾರಿಸಬೇಕು. ಅಲ್ಲಿ ತಗಡಿನ ಕವಚ ಇರುವುದಿಲ್ಲ, ಅದನ್ನು ಬಿಗಿಯುವ ಚರ್ಮದ ಪಟ್ಟಿ ಮಾತ್ರ. ಹಳೆಯ ಕಾಲದ ಯೋಧರಂತೆ ಕವಚ ತೊಟ್ಟು ಕಾಳಗದ ಆಟ ಆಡುವ ಅವರ ತಂಡದಲ್ಲಿ ಇದಕ್ಕೆ ಸುತ್ತೇಟು ಎನ್ನುತ್ತಾರೆ. ಕತ್ತಿ ಬೆತ್ತದ್ದೇ, ಆದರೂ ಏಟು ಏಟೇ. ಕಾಲಿಗೆ ಬಿದ್ದರೆ ಮಂಡಿಯೂರಬೇಕು, ಆಮೇಲಿನ ಕಾಳಗವೆಲ್ಲ ಮಂಡಿಯ ಮೇಲೆಯೇ.

ಈ ಆಟಕ್ಕೆ ಅಂಪೈರ್ ಇಲ್ಲ, ಎಲ್ಲ ರಗಳೆಗೂ ಅದೇ ಮೂಲ. ಬಿತ್ತೋ ಇಲ್ಲವೋ ಎಂಬುದನ್ನು ಏಟು ತಿಂದವನೇ ಹೇಳಬೇಕು, ಅವನ ಮಾತೇ ಕೊನೆ. ಈ ವಿಷಯದಲ್ಲಿ ಮಾವನದು ದೊಡ್ಡ ಹೆಸರು. ನೊಣ ಕೂತರೂ 'ಬಿತ್ತು' ಎಂದು ಒಪ್ಪುವ ಮನುಷ್ಯ ಅಂತ ತಂಡದಲ್ಲಿ ಎಲ್ಲರೂ ಹೇಳುತ್ತಾರೆ. ಸುತ್ತೇಟು ಬರುವವರಿಗೆ ಮಾತ್ರ ಭಾನುವಾರದ ಪಂದ್ಯದಲ್ಲಿ ಜಾಗ, ಬರುತ್ತದೆ ಎನ್ನಬೇಕಾದವರು ಮಾವ. ಆ ಒಂದು 'ಬಿತ್ತು' ಕೇಳಲು ಸೊಸೆ ತಿಂಗಳುಗಟ್ಟಲೆ ಬೆವರು ಸುರಿಸಿದ್ದಳು. ಮಾವನಿಗೋ ತಾವು ಹಿಡಿದ ಮೊಲಕ್ಕೆ ಮೂರೇ ಕಾಲು. ಅವಳು ಡ್ರೈವಿಂಗ್ ಕಲಿಸುವವಳು. ಸಿಗ್ನಲ್ ಹಾರಿಸಿ 'ಹಸಿರೇ ಇತ್ತಲ್ಲ ಮೇಡಂ' ಎನ್ನುವವರ ಪಕ್ಕ ದಿನವಿಡೀ ಕೂತು ಬಂದರೆ ಮನೆಯಲ್ಲೂ ಅದೇ ಗೋಳು.

ಅವಳು ಹಲ್ಲು ಕಚ್ಚಿ ಮತ್ತೆ ಬೀಸಿದಳು. ಕತ್ತಿ ಗುರಾಣಿಯನ್ನು ದಾಟಿತು, ಹೊರಳಿತು, ಠಪ್ ಎಂದು ಚರ್ಮದ ಮೇಲೆ ಕೂತಿತು. ಮಾವ ಬಂಡೆಯ ಹಾಗೆ ನಿಂತೇ ಇದ್ದರು.

"ಬಿದ್ದಿಲ್ಲ."

"ಅಡುಗೆಮನೇವರೆಗೂ ಶಬ್ದ ಕೇಳ್ತು," ಎನ್ನುತ್ತ ಅತ್ತೆ ಚಹಾ ಹಿಡಿದು ಬಾಗಿಲಿಗೆ ಬಂದರು. "ಪಾಪ, ಒಪ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ?"

"ಬೀಳದ್ದನ್ನ ಬಿತ್ತು ಅನ್ಲಾ?"

"ಇವರನ್ನೇನು ಕೇಳ್ತೀಯ ಬಿಡಮ್ಮ. ಮೊನ್ನೆ ಪೇಟೆಯಿಂದ ಒಂದೇ ಚಪ್ಪಲೀಲಿ ನಡ್ಕೊಂಡು ಬಂದ್ರು. ಇನ್ನೊಂದೆಲ್ಲಿ ಅಂದ್ರೆ ಕಾಲನ್ನೇ ನೋಡ್ತಾ ನಿಂತ್ರು. ಮೈಮೇಲೆ ಜ್ಞಾನ ಇದ್ರೆ ತಾನೆ."

"ಏನೋ ಯೋಚನೇಲಿದ್ದೆ," ಎಂದು ಮಾವ ಗೊಣಗಿದರು. "ನೀನು ಹೊಡಿಯಮ್ಮ."

ಸೊಸೆ ಹೊಡೆಯಲಿಲ್ಲ. ಕತ್ತಿಯನ್ನು ಬೆಂಚಿನ ಮೇಲೆ ಕುಕ್ಕಿದಳು. "ಸುಳ್ಳು ಹೇಳ್ತಿದ್ದೀರಿ ಮಾವ. ಸೊಸೆ ಎದುರು ಮಂಡಿಯೂರೋಕೆ ನಿಮಗೆ ಮನಸ್ಸಿಲ್ಲ, ಅಷ್ಟೇ."

ಆ ಶೆಡ್ಡಿನಲ್ಲಿ ಅವರಿಗೆ ಯಾರೂ ಆ ಮಾತು ಆಡಿರಲಿಲ್ಲ. ಮಾವ ನಿಧಾನವಾಗಿ ಹೆಲ್ಮೆಟ್ ತೆಗೆದರು. ಮುಖದಲ್ಲಿ ಕೋಪ ಇರಲಿಲ್ಲ, ತುಂಬ ನೊಂದಿದ್ದರು.

"ಈ ನೆಲದ ಮೇಲೆ ನಾನು ಒಂದೇ ಒಂದು ಏಟನ್ನೂ ಬಚ್ಚಿಟ್ಟಿಲ್ಲ," ಎಂದರು. "ಅಷ್ಟೆಲ್ಲ ಬಿದ್ದಿದ್ರೆ ಗುರುತಿರಬೇಕು ತಾನೆ? ನೀನೇ ನೋಡ್ಕೋ."

ಅವರು ಗೋಡೆಯ ಕಡೆ ತಿರುಗಿ ತೊಡೆಯ ಕವಚ ಬಿಚ್ಚಲು ಹೊರಟರು. ಹಿಂದಿನ ಬಕಲ್ ಬಿಚ್ಚಿಕೊಳ್ಳಲಿಲ್ಲ. "ಯಾಕೋ ಕಚ್ಕೊಂಡಿದೆ," ಎನ್ನುತ್ತ ಪಟ್ಟಿಯನ್ನು ಜೋರಾಗಿ ಜಗ್ಗಿ ಕಿತ್ತರು. ಅತ್ತೆ ಚಹಾವನ್ನು ಬೆಂಚಿನ ಮೇಲಿಟ್ಟು ಹತ್ತಿರ ಧಾವಿಸಿದರು.

ಏಟಿನ ಮೇಲೆ ಏಟು ತಿಂದು ಬಕಲ್ ಚಪ್ಪಟೆಯಾಗಿತ್ತು. ಅದರ ಮುಳ್ಳು ಅಷ್ಟು ಹೊತ್ತೂ ಮಾಂಸದೊಳಗೇ ಇತ್ತು. ಸುತ್ತಲೂ ಕಪ್ಪುಗಟ್ಟಿದ ಬರೆಗಳು, ಅವುಗಳ ಪಕ್ಕ ನೀಲಿಯವು, ಹಳದಿಗೆ ತಿರುಗಿದ ಹಳೆಯವು. ಅವಳ ತಿಂಗಳುಗಟ್ಟಲೆಯ ಅಭ್ಯಾಸವೆಲ್ಲ ಅಲ್ಲಿತ್ತು. ರಕ್ತ ಇಳಿದು ಕಾಲುಚೀಲ ಒದ್ದೆಯಾಗಿತ್ತು.

"ಕಾಣ್ತಾ? ಏನಾದ್ರೂ ಇದೆಯಾ?" ಮಾವ ಗೋಡೆಯನ್ನೇ ನೋಡುತ್ತ ಕೇಳಿದರು.

ಅತ್ತೆ ಕೈಬಟ್ಟೆಯಿಂದ ಗಾಯವನ್ನು ಒತ್ತಿ ಹಿಡಿದರು. "ಉರೀತಿದೆಯಾ?"

"ಏನು ಉರೀಬೇಕು?"

ಸೊಸೆಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಬೆಳಗಿನಿಂದ ಕುದಿಯುತ್ತಿದ್ದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. "ಡಾಕ್ಟರ ಹತ್ರ ಹೋಗೋಣ ಮಾವ. ಈಗಲೇ," ಎಂದಳು.

ಮಾವ ಕೈ ಹಿಂದಕ್ಕೆ ಚಾಚಿ ತಡವಿದರು. ಕೆಂಪಾದ ಬೆರಳುಗಳನ್ನು ಮುಖದ ಹತ್ತಿರ ತಂದು ಬಹಳ ಹೊತ್ತು ನೋಡಿದರು. ಆಮೇಲೆ ಸೊಸೆಯ ಕಡೆ ತಿರುಗಿ ಗುರಾಣಿ ಎತ್ತಿಕೊಂಡರು.

"ಬಿತ್ತು," ಎಂದರು. ಗುರಾಣಿಯನ್ನು ಊರುಗೋಲಿನಂತೆ ಹಿಡಿದು ಬಗ್ಗತೊಡಗಿದರು.

"ಬೇಡ ಮಾವ, ಏಳಿ. ಇದನ್ನ ನಾನು ಒಪ್ಪಲ್ಲ."

"ಒಪ್ಪೋದು ನಿನ್ನ ಕೆಲಸ ಅಲ್ಲ, ಏಟು ತಿಂದವನದ್ದು. ಭಾನುವಾರ ನೀನು ಇಳಿ. ಏಟು ಗೊತ್ತಾಗದವನು ಕಣದಲ್ಲಿ ಇರಬಾರದು."

ಅತ್ತೆ ತೋಳು ಹಿಡಿದರೂ ಅವರು ನಿಲ್ಲಲಿಲ್ಲ. ಇಷ್ಟಿಷ್ಟೇ ಇಳಿಯುತ್ತ ಹೋದರು. ಆಮೇಲೆ ಕೆಳಗೆ ನೋಡಲು ಧೈರ್ಯವಿಲ್ಲದವರಂತೆ ಸೊಸೆಯ ಮುಖವನ್ನೇ ನೋಡುತ್ತ ಕೇಳಿದರು.

"ಮಂಡಿ ನೆಲಕ್ಕೆ ತಾಗ್ತಾ? ನೋಡಿ ಹೇಳಮ್ಮ."