ಮೊಣಕಾಲುದ್ದ ನೀರು

ಲೆಂಪಿ ಕಾದ ಕಲ್ಲುಗಳ ಮೇಲೆ ಇನ್ನೊಂದು ಸೌಟು ನೀರು ಸುರಿದಳು. ಸೌನಾದ, ಆ ಹಬೆಸ್ನಾನದ ಕೋಣೆಯ ತುಂಬ ಹಬೆ ಭುಸ್ಸೆಂದು ಎದ್ದಿತು. ಮೇಲಿನ ಹಲಗೆಯಲ್ಲಿ ಕುಳಿತಿದ್ದ ಮೀನುಗಾರಿಕೆ ಇಲಾಖೆಯ ಕಿರ್ಸಿ ಕೆಂಪುಕೆಂಪಾದಳು, ಆದರೆ ಕೆಳಗಿಳಿಯಲಿಲ್ಲ. ಹಿಂದೆ ಬಂದಿದ್ದ ಅಧಿಕಾರಿಣಿ ಎರಡನೇ ಸೌಟಿಗೇ ಬಾಗಿಲು ಹುಡುಕಿದ್ದಳು. ಸೌನಾದಲ್ಲಿ ಜೊತೆಗೆ ಕೂರದವರ ಹತ್ತಿರ ಲೆಂಪಿ ವ್ಯವಹಾರ ಮಾತಾಡುವವಳಲ್ಲ.

"ಈಗ ಹೇಳು ಹುಡುಗಿ."

"ಹೊಳೆಗಿರೋ ನಿಮ್ಮ ಒಡ್ಡು ತೆಗೆಯೋ ಖರ್ಚೆಲ್ಲ ಸರ್ಕಾರದ್ದೇ ಅಮ್ಮ. ನೀವು ಹೂಂ ಅಂದ್ರೆ ಸಾಕು, ಟ್ರೌಟ್ ಮೀನು ಮೇಲೆ ಹೋಗಿ ಮೊಟ್ಟೆ ಇಡ್ತವೆ."

"ನಮ್ಮಪ್ಪ ಹಿಟ್ಟಿನ ಗಿರಣಿಗೆ ಈ ಒಡ್ಡು ಕಟ್ಟಿದಾಗ್ಲೂ ಸರ್ಕಾರನೇ ದುಡ್ಡು ಕೊಟ್ಟಿತ್ತು ಕಣೇ. ಆಗ ಬಂದೋನೂ ನಿನ್ನ ಹಾಗೇ ಎದೆ ತಟ್ಟಿ ಹೇಳಿದ್ದ."

"ಅವನು ಮೀನನ್ನ ಕೇಳಿರ್ಲಿಲ್ಲ ಬಿಡಿ."

ಲೆಂಪಿಗೆ ನಗು ಬಂತು. ಒಡ್ಡಿಗೆ ಮೂತಿ ಚಚ್ಚಿಕೊಂಡು ಬೀಳುವ ಮೀನುಗಳನ್ನು ಕಂಡಾಗಲೆಲ್ಲ ಅವಳ ಕರುಳೂ ಚುರುಕ್ಕೆನ್ನುತ್ತಿತ್ತು. ಆದರೆ ಹಬೆಯಿಂದ ಎದ್ದು ಓಡಿ, ಒಡ್ಡಿನ ಹಿಂದಿನ ಮಡುವಿಗೆ ಧುಮುಕದಿದ್ದರೆ ಅವಳ ಶನಿವಾರ ಶನಿವಾರವೇ ಅಲ್ಲ. ಹುಟ್ಟಿದಾಗಿನಿಂದ ಅವಳಿಗಿದ್ದ ದೊಡ್ಡ ಸುಖ ಅದೊಂದೇ.

"ಮಡು ಉಳಿಯುತ್ತಾ?"

"ಇಲ್ಲ. ನೀರು ಮೊಣಕಾಲುದ್ದ ಇರುತ್ತೆ, ಅಷ್ಟೇ."

"ಹಿಂದೆ ಬಂದೋಳು ಉಳಿಯುತ್ತೆ ಅಂದಿದ್ಲಲ್ಲ?"

"ಹೆಂಗೆ ಉಳಿಯುತ್ತೆ ಅಮ್ಮ? ಮಡು ಇರ್ಬೇಕು ಅಂದ್ರೆ ಒಡ್ಡೂ ಇರ್ಬೇಕು."

ಲೆಂಪಿ ಅವಳನ್ನು ದುರುಗುಟ್ಟಿ ನೋಡಿದಳು. ಆಮೇಲೆ ಬಾಗಿಲು ತಳ್ಳಿ ಓಡಿದವಳೇ ಮಡುವಿಗೆ ದಬಕ್ಕನೆ ಹಾರಿದಳು. ತಲೆ ಮೇಲೆತ್ತಿ, "ಸಹಿ ಹಾಕ್ತೀನಿ. ಆದ್ರೆ ಈ ಬೇಸಿಗೆ ಮಡು ನಂದು, ಆಗಸ್ಟ್ ತನಕ ಒಂದು ಕಲ್ಲೂ ಮುಟ್ಕೂಡದು!" ಎಂದಳು.

ಅಕ್ಟೋಬರಿನಲ್ಲಿ ಕಿರ್ಸಿ ಮತ್ತೆ ಸೌನಾಕ್ಕೆ ಬಂದಳು. ಒಡ್ಡು ಹೋಗಿತ್ತು, ಹೊಳೆ ಕಲ್ಲುಗಳ ನಡುವೆ ಸದ್ದು ಮಾಡುತ್ತಾ ಹರಿಯುತ್ತಿತ್ತು. ಹಬೆಯಾಡುವ ಮೈಯಲ್ಲಿ ಇಬ್ಬರೂ ನೀರಿಗಿಳಿದರು. ನಿಜವಾಗಿಯೂ ಮೊಣಕಾಲುದ್ದವೇ. ಲೆಂಪಿಯ ಮುಖ ನೋಡಲು ಕಿರ್ಸಿಗೆ ಧೈರ್ಯ ಬರಲಿಲ್ಲ.

ಲೆಂಪಿ ಸರ್ಕಾರವನ್ನು ಬಾಯ್ತುಂಬ ಬೈದು, ಮೊದಲು ಕುಕ್ಕರಿಸಿ, ಆಮೇಲೆ ಕಲ್ಲೊಂದಕ್ಕೆ ತಲೆಯಾನಿಸಿ ಹೊಳೆಗೆ ಅಡ್ಡವಾಗಿ ಅಂಗಾತ ಮಲಗಿಬಿಟ್ಟಳು. ನೀರು ಕುತ್ತಿಗೆಯ ತನಕ ಬಂತು. ಹಾಯೆನಿಸಿ ಕಣ್ಣು ಮುಚ್ಚುವಷ್ಟರಲ್ಲಿ ತೋಳುದ್ದದ ಟ್ರೌಟ್ ಒಂದು ಅವಳ ಸೊಂಟಕ್ಕೆ ಗುದ್ದಿ, ಹೊಟ್ಟೆಯ ಮೇಲೆ ಹಾಯ್ದು, ಮೇಲಕ್ಕೆ ಈಜಿ ಹೋಯಿತು.

"ಅಬ್ಬಾ, ಇದರ ಸೊಕ್ಕೇ!" ಲೆಂಪಿ ಚೀರಿದಳು. "ಒಡ್ಡಿನ ಯಜಮಾನಿ ನಾನೇ ಅಡ್ಡ ಮಲಗಿದೀನಿ, ತುಳ್ಕೊಂಡು ಹೋಯ್ತಲ್ಲೇ!"